ಡಬ್ಬಿ ಮಿಕ್ಸ್‌ನಿಂದ ಕುಕೀಸ್: ಐದು ಒಬ್ಬೆಯ ಲೆಕ್ಕ

ಮೇ ತಿಂಗಳಲ್ಲಿ ನಾದಿನಿ ಅಮೆರಿಕದಿಂದ ಬಂದಿದ್ದಳು. ಬರುವಾಗ ಸೂಟ್‌ಕೇಸಿನ ಬಟ್ಟೆ ಸಂದಿಯಲ್ಲೆಲ್ಲ ಏನಾದರೂ ತುರುಕಿಕೊಂಡೇ ಬರುತ್ತಾಳೆ. ಈ ಸಲ ಮೂರು ಕೇಕ್ ಮಿಕ್ಸ್ ಡಬ್ಬಿ. ಎರಡು ಹಳದಿ ಕೇಕಿನವು, ಒಂದು ಚಾಕೊಲೇಟ್. ವಾಪಸ್ ಹೊರಡುವ ದಿನ ಅವನ್ನು ಅಡುಗೆಮನೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, "ಅತ್ತಿಗೆ, ಮಾಡಿ, ಸುಮ್ನೆ ಇಟ್ಟು ಹಾಳು ಮಾಡಬೇಡಿ" ಅಂದಳು. ಮಳೆಗಾಲ ಶುರುವಾಗುವವರೆಗೂ ಅವು ಅಲ್ಲೇ ಕೂತಿದ್ದವು.

ಕೇಕ್ ಯಾಕೆ ಮಾಡಲಿಲ್ಲ ಅಂದರೆ, ಡಬ್ಬಿ ಕೇಳುವ ಟ್ರೇ 13 ಇಂಚು ಉದ್ದ, 9 ಇಂಚು ಅಗಲ. ನಮ್ಮದು 19 ಲೀಟರಿನ ಓಟಿಜಿ, ಅಂದರೆ ಕರೆಂಟಿನ ಪುಟ್ಟ ಓವನ್. ಅಷ್ಟು ದೊಡ್ಡ ಟ್ರೇ ಅದರೊಳಗೆ ಓರೆಯಾಗಿ ಇಟ್ಟರೂ ಹಿಡಿಸುವುದಿಲ್ಲ. ಆಷಾಢದ ಒಂದು ಮಧ್ಯಾಹ್ನ ಶಾಲೆಗೆ ಮಳೆ ರಜೆ ಕೊಟ್ಟರು. ಶಿವಮೊಗ್ಗದಲ್ಲಿ ಮಳೆ ಹಿಡಿದರೆ ಮಕ್ಕಳಿಗೆ ಮನೆಯಲ್ಲಿ ಏನಾದರೂ ಕೆಲಸ ಕೊಡಲೇಬೇಕು. ಮಗಳು ಡಬ್ಬಿಗಳನ್ನು ತೋರಿಸಿ, "ಅತ್ತೆ ಚೀಟಿ ಬರೆದು ಕೊಟ್ಟಿದಾರಲ್ಲಮ್ಮಾ, ಕುಕೀಸ್‌ದು" ಅಂದಳು. ಚೀಟಿ ಇದ್ದದ್ದು ನನಗೆ ಮರೆತೇ ಹೋಗಿತ್ತು. ಡಬ್ಬಿಯ ಬೆನ್ನಿಗೆ ಟೇಪ್ ಹಚ್ಚಿ ಅಂಟಿಸಿದ್ದಳು. ಅದರಲ್ಲಿ ಇದ್ದದ್ದು ಇಷ್ಟೇ: ಒಂದು ಡಬ್ಬಿ, ಅರ್ಧ ಕಪ್ ಎಣ್ಣೆ, ಎರಡು ಮೊಟ್ಟೆ, 350 ಡಿಗ್ರಿ, 10 ನಿಮಿಷ.

ನಾಲ್ಕು ಸಾಲಿನ ಚೀಟಿ. ಅದು ಸರಿಯಾಗಿ ಕೂರುವಷ್ಟರಲ್ಲಿ ಐದು ಒಬ್ಬೆ ಆಯಿತು. ಇನ್ನೊಬ್ಬರಿಗೆ ಉಪಯೋಗ ಆದೀತು ಅಂತ ಗ್ರಾಮ್ ಸಮೇತ ಬರೆದಿಡುತ್ತಿದ್ದೇನೆ.

ಒಂದನೇ ಒಬ್ಬೆ

ಚೀಟಿಯಲ್ಲಿ ಇದ್ದ ಹಾಗೇ ಮಾಡಿದೆ. ಹಳದಿ ಡಬ್ಬಿ ಒಡೆದು ಪೂರ್ತಿ ಸುರಿದೆ. ಅರ್ಧ ಕಪ್ ಸೂರ್ಯಕಾಂತಿ ಎಣ್ಣೆ, ತೂಗಿದಾಗ 110 ಗ್ರಾಂ. ಎರಡು ಮೊಟ್ಟೆ, ಸಿಪ್ಪೆ ಬಿಟ್ಟು 100 ಗ್ರಾಂ. ನಮ್ಮನೆಯಲ್ಲಿ ಮೊಟ್ಟೆಗೆ ಬೇರೆ ಬಟ್ಟಲು, ಬೇರೆ ಚಮಚ, ಬೇರೆ ಟ್ರೇ. ನನ್ನ ಅತ್ತೆ (ಮಗಳ ಅಜ್ಜಿ) ತಿನ್ನುವುದಿಲ್ಲ. ಓಟಿಜಿ ಮಾತ್ರ ಒಂದೇ. ಅಷ್ಟಕ್ಕೆ ಅವರು ಕಣ್ಣು ಮುಚ್ಚಿಕೊಂಡಿದ್ದಾರೆ.

350 ಅನ್ನುವುದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 177 ಡಿಗ್ರಿ. ಓಟಿಜಿ ಗುಂಡಿಯನ್ನು 180ಕ್ಕೆ ತಿರುಗಿಸಿದೆ. ಐದು ನಿಮಿಷಕ್ಕೆ ಕೆಂಪು ದೀಪ ಆರಿತು. ಕಾದಿದೆ ಅಂದುಕೊಂಡು ಟ್ರೇ ಒಳಗಿಟ್ಟೆ. ಹಿಟ್ಟು ಉಂಡೆ ಕಟ್ಟಲು ಬರುವ ಹಾಗೆ ಇರಲಿಲ್ಲ, ಚಮಚದಲ್ಲಿ ಹನ್ನೆರಡು ಕಡೆ ಬಿಟ್ಟಿದ್ದೆ. ಇಡ್ಲಿ ಹಿಟ್ಟಿಗಿಂತ ಗಟ್ಟಿ, ವಡೆ ಹಿಟ್ಟಿಗಿಂತ ಸಡಿಲ.

ನಾಲ್ಕನೇ ನಿಮಿಷಕ್ಕೆ ಹನ್ನೆರಡೂ ಕೈ ಕೈ ಹಿಡಿದುಕೊಂಡವು. ಎಂಟನೇ ನಿಮಿಷಕ್ಕೆ ಟ್ರೇ ತುಂಬಾ ಒಂದೇ ಹಾಳೆ. ಅಂಚು ಕಂದು, ನಡು ಹಳದಿ, ಮೇಲೆಲ್ಲ ಎಣ್ಣೆಯ ಹೊಳಪು. ಅತ್ತೆ ಬಂದು ಗಾಜಿನೊಳಗೆ ಇಣುಕಿದರು.

"ಇದೇನೇ ಇದು, ಕಾವಲಿ ಇಲ್ದೆ ದೋಸೆ ಹೊಯ್ದಿದೀಯ?"

ಮಗಳು ಚಾಕುವಿನಲ್ಲಿ ಚೌಕ ಚೌಕ ಕತ್ತರಿಸಿದಳು. ತಿನ್ನಲು ಏನೂ ಮೋಸ ಇರಲಿಲ್ಲ. ಆದರೆ ಅದನ್ನು ಕುಕೀಸ್ ಅನ್ನಲು ನನಗೆ ಮನಸ್ಸು ಬರಲಿಲ್ಲ.

ಡಬ್ಬಿ ಸಣ್ಣದಾಗಿದೆ!

ರಾತ್ರಿ ನಾದಿನಿಗೆ ಫೋಟೋ ಕಳಿಸಿದೆ. ನಕ್ಕು ನಕ್ಕು ಸಾಕಾಗಿ ಆಮೇಲೆ ಕೇಳಿದಳು, "ಡಬ್ಬಿ ಎಷ್ಟು ತೂಕ ಇದೆ ನೋಡಿದಿರಾ?"

ಡಬ್ಬಿಯ ಮೇಲೆ 13.25 ಔನ್ಸ್ ಅಂತಿತ್ತು. ಪಕ್ಕದಲ್ಲೇ 375 ಗ್ರಾಂ. ಅವಳು ಚೀಟಿ ಬರೆದುಕೊಂಡದ್ದು ಪಕ್ಕದ ಮನೆಯ ಅಜ್ಜಿಯೊಬ್ಬರ ಹಳೇ ಪುಸ್ತಕದಿಂದಂತೆ. ಆಗಿನ ಡಬ್ಬಿ 18.25 ಔನ್ಸ್, ಅಂದರೆ 517 ಗ್ರಾಂ. ಮಧ್ಯೆ 15.25 ಔನ್ಸ್ ಆಯಿತು, 432 ಗ್ರಾಂ. ಈಗ ಇದು. ಡಬ್ಬಿಯ ಎತ್ತರ ಅಗಲ ನೋಡಿದರೆ ಗೊತ್ತೇ ಆಗುವುದಿಲ್ಲ. ಇಲ್ಲಿಯ ಬಿಸ್ಕತ್ ಪೊಟ್ಟಣದ ಕತೆಯೇ ಅಲ್ಲೂ. ಅಡುಗೆ ಪುಸ್ತಕಗಳು ಮಾತ್ರ ಇನ್ನೂ "ಒಂದು ಡಬ್ಬಿ" ಅನ್ನುತ್ತಲೇ ಇವೆ.

ಸರಿ, ತ್ರೈರಾಶಿ ಹಾಕಿದೆ. 517 ಗ್ರಾಂ ಹಿಟ್ಟಿಗೆ 110 ಎಣ್ಣೆ ಆದರೆ 375ಕ್ಕೆ 80. ಮೊಟ್ಟೆ 100ರ ಬದಲು ಸುಮಾರು 72. ನಾನು ಎಣ್ಣೆಯನ್ನೂ ಮೊಟ್ಟೆಯನ್ನೂ ಬೇಕಾದ್ದರ ಮೇಲೆ ಇನ್ನೂ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹಾಕಿದ್ದೆ. ದೋಸೆ ಆಗದೆ ಇನ್ನೇನಾದೀತು?

ಇಲ್ಲಿ ಒಂದು ವಿಷಯ ಹೇಳಬೇಕು. ಅದು ತಿಳಿದ ಮೇಲೆಯೇ ಮುಂದಿನದೆಲ್ಲ ನನಗೆ ಹಾದಿಗೆ ಬಂದದ್ದು. ಅದೇ ಡಬ್ಬಿಯಿಂದ ಕೇಕ್ ಮಾಡುವುದಾದರೆ ಮೂರು ಮೊಟ್ಟೆ, ಅರ್ಧ ಕಪ್ ಎಣ್ಣೆ, ಒಂದು ಕಪ್ ನೀರು. ಕುಕೀಸ್ ಚೀಟಿಯಲ್ಲಿ ನೀರೇ ಇಲ್ಲ. ಮೊಟ್ಟೆಯೂ ಒಂದು ಕಡಿಮೆ, ಆದರೆ ಮುಖ್ಯ ವ್ಯತ್ಯಾಸ ಇರುವುದು ನೀರಿನಲ್ಲೇ. ನೀರಿದ್ದರೆ ಮೈದಾದೊಳಗಿನ ಪಿಷ್ಟ ಉಬ್ಬಿ, ಬೆಂದು, ಗಂಜಿಯ ಹಾಗೆ ಕಟ್ಟಿಕೊಳ್ಳುತ್ತದೆ. ಅದು ಕೇಕ್. ನೀರು ಕಡಿಮೆಯಾದರೆ ಪಿಷ್ಟಕ್ಕೆ ಕುಡಿಯಲು ಸಾಕಾಗುವುದಿಲ್ಲ. ಸಕ್ಕರೆ ಕರಗಿ, ಎಣ್ಣೆಯೂ ಸೇರಿ ಹಿಟ್ಟು ಹರಡುತ್ತದೆ, ಮೊಟ್ಟೆ ಬೆಂದು ಅದನ್ನು ಹಿಡಿದು ನಿಲ್ಲಿಸುತ್ತದೆ. ಅದು ಕುಕೀ. ಡಬ್ಬಿಯ ಹಿಟ್ಟಿನಲ್ಲಿ ಸಕ್ಕರೆ, ಸೋಡ ಎಲ್ಲ ಲೆಕ್ಕ ಹಾಕಿರುವುದು ಕೇಕಿಗೆ. ನಾವು ಅದರಿಂದ ನೀರನ್ನು ಕದಿಯುತ್ತಿದ್ದೇವೆ, ಅಷ್ಟೇ. ಎಲ್ಲಿಂದಾದರೂ ಸ್ವಲ್ಪ ನೀರು ಒಳಗೆ ನುಸುಳಿದರೂ ಹಿಟ್ಟು ಮತ್ತೆ ಕೇಕ್ ಆಗಲು ಹೊರಡುತ್ತದೆ.

ಸಕ್ಕರೆ ದೊನ್ನೆ

ತೂಕದ ತಪ್ಪು ಗೊತ್ತಾಯಿತು. ಆದರೆ ಆ ಹಾಳೆಯ ಒಂದು ಮೂಲೆ ಕರಕಲು, ಎದುರಿನ ಮೂಲೆ ಹಸಿಹಸಿ ಇತ್ತು. ಓಟಿಜಿ ಮೇಲೂ ನನಗೆ ಅನುಮಾನ. ಒಳಗಿಡುವ ಥರ್ಮಾಮೀಟರ್ ನಮ್ಮಲ್ಲಿಲ್ಲ. ಇದ್ದದ್ದು ಸಕ್ಕರೆ.

ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಅದಕ್ಕಿಂತ ಹತ್ತು ಡಿಗ್ರಿ ಕೆಳಗಿದ್ದರೆ ಕಾಲು ಗಂಟೆ ಇಟ್ಟರೂ ಬಿಳಿಯಾಗೇ ಕೂತಿರುತ್ತದೆ. ನಮಗೆ ಬೇಕಾದದ್ದು 177. ಹಾಗಾಗಿ ಸಕ್ಕರೆ ಕರಗಿತು ಅಂದರೆ ಶಾಖ ಜಾಸ್ತಿ ಅಂತಲೇ ಲೆಕ್ಕ.

ಮಗಳು ಫಾಯಿಲ್ ಹರಿದು ಪುಟ್ಟ ಪುಟ್ಟ ದೊನ್ನೆ ಮಾಡಿದಳು. ಐದು ದೊನ್ನೆ, ಒಂದೊಂದಕ್ಕೆ ಅರ್ಧ ಚಮಚ ಸಕ್ಕರೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಗುಂಡಿ 180. ಈ ಸಲ ದೀಪ ಆರಿದ ಕೂಡಲೇ ಇಡಲಿಲ್ಲ, ಪೂರ್ತಿ 15 ನಿಮಿಷ ಕಾಯಿಸಿ ಇಟ್ಟೆವು.

ಇಬ್ಬರೂ ಗಾಜಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆವು. ಹೊರಗೆ ಮಳೆ, ಒಳಗೆ ಕೆಂಪಗೆ ಉರಿಯುವ ರಾಡ್. ಆರು ನಿಮಿಷ ಏನೂ ಇಲ್ಲ. ಏಳನೇ ನಿಮಿಷಕ್ಕೆ ಹಿಂದಿನ ಎಡಮೂಲೆಯ ದೊನ್ನೆಯಲ್ಲಿ ಅಂಚಿನ ಹರಳುಗಳು ಒದ್ದೆಯಾದ ಹಾಗೆ ಕಂಡವು. ಆಮೇಲೆ ಒಂದೊಂದೇ ಹರಳು ಗಾಜಿನ ಹಾಗಾಗಿ ಕುಸಿಯುತ್ತಾ ಹೋಯಿತು. ಹನ್ನೊಂದನೇ ನಿಮಿಷಕ್ಕೆ ಆ ದೊನ್ನೆ ಪೂರ್ತಿ ಜೇನಿನ ಬಣ್ಣದ ಪಾಕ. ಹಿಂದಿನ ಬಲಮೂಲೆ ಅರ್ಧ ಕರಗಿತ್ತು. ನಡುವಿನದು ಅಂಚಿನಲ್ಲಿ ಮಾತ್ರ. ಬಾಗಿಲ ಕಡೆಯ ಎರಡೂ ಇಟ್ಟ ಹಾಗೇ ಇದ್ದವು, ಒಂದು ಹರಳೂ ಅಲುಗಿರಲಿಲ್ಲ.

ಒಂದೇ ಗುಂಡಿ, ಒಂದೇ 180. ಒಳಗೆ ಮಾತ್ರ ಮೂಲೆಗೊಂದು ಹವಾಮಾನ.

ಗುಂಡಿಯನ್ನು 170ಕ್ಕೆ ಇಳಿಸಿ ಹೊಸ ದೊನ್ನೆ ಇಟ್ಟೆವು. ಕಾಲು ಗಂಟೆಯಾದರೂ ಎಡಮೂಲೆಯದು ಸ್ವಲ್ಪ ಹಳದಿಯಾಯಿತು, ಅಷ್ಟೇ. ಹಾಗಾಗಿ ನಮ್ಮ ಓಟಿಜಿಗೆ 170. ಜೊತೆಗೆ ಅರ್ಧ ಹೊತ್ತಿಗೆ ಟ್ರೇಯನ್ನು ಹಿಂದುಮುಂದಾಗಿ ತಿರುಗಿಸಬೇಕು. ತಳ ಬೇಗ ಸೀಯುತ್ತದೆ ಅಂತ ಟ್ರೇ ಕೆಳಗೆ ಇನ್ನೊಂದು ಖಾಲಿ ಟ್ರೇ. ನಿಮ್ಮ ಓಟಿಜಿಗೆ ಇದೇ ಅಂಕಿ ಬರುತ್ತದೆ ಅಂತ ಇಲ್ಲ. ಐದು ಚಮಚ ಸಕ್ಕರೆ ಖರ್ಚು ಮಾಡಿ ನೋಡಿಕೊಳ್ಳಿ. ಕರಗಿದ ದೊನ್ನೆಗಳನ್ನು ಮಾತ್ರ ಮಕ್ಕಳ ಕೈಗೆ ಕೂಡಲೇ ಕೊಡಬೇಡಿ. ಬಿಸಿ ಪಾಕ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ.

ಎರಡನೇ ಒಬ್ಬೆ

ಎರಡನೇ ಹಳದಿ ಡಬ್ಬಿಯನ್ನು ತಕ್ಕಡಿಯಲ್ಲಿ ಸಮ ಎರಡು ಪಾಲು ಮಾಡಿದೆ. ಒಂದು ಪಾಲು 187 ಗ್ರಾಂ. ಅದಕ್ಕೆ ಎಣ್ಣೆ 40 ಗ್ರಾಂ. ಒಂದು ಮೊಟ್ಟೆ ಕದಡಿ ಅದರಲ್ಲಿ 36 ಗ್ರಾಂ ಮಾತ್ರ. ಉಳಿದದ್ದು ಇವರ ಆಮ್ಲೆಟ್ಟಿಗೆ ಹೋಯಿತು. ಚಾಕೊಲೇಟ್ ಬಾರ್ ಒಂದನ್ನು ಜಜ್ಜಿ 50 ಗ್ರಾಂ ಚೂರು. ಒಂದು ಚಿಟಿಕೆ ಉಪ್ಪು, ಯಾಕಂದರೆ ಈ ಮಿಕ್ಸ್ ನಮ್ಮ ಬಾಯಿಗೆ ಸಿಹಿ ಜಾಸ್ತಿ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಎರಡು ಹೆಸರೇ ಮೈದಾ ಮತ್ತು ಸಕ್ಕರೆ.

ಹಿಟ್ಟು ಈ ಸಲ ಚಪಾತಿ ಹಿಟ್ಟಿನಷ್ಟು ಅಲ್ಲದಿದ್ದರೂ ಲಾಡು ಕಟ್ಟುವಷ್ಟು ಗಟ್ಟಿ. ಕಲಸುವಾಗ ಒಣಗಿದೆ ಅನ್ನಿಸಿ ಒಂದು ಚಮಚ ನೀರು ಹಾಕೋಣ ಅಂತ ಕೈ ಹೋಗುತ್ತದೆ. ಹಾಕಬೇಡಿ. ಒಂದು ನಿಮಿಷ ಅದುಮಿ ಅದುಮಿ ಕಲಸಿದರೆ ತಾನೇ ಕೂಡಿಕೊಳ್ಳುತ್ತದೆ. ಬಟ್ಟಲು ಮುಚ್ಚಿ ಫ್ರಿಜ್‌ನಲ್ಲಿ ಅರ್ಧ ಗಂಟೆ. ಎಣ್ಣೆ ಗಟ್ಟಿಯಾಗುವುದಿಲ್ಲ, ಆದರೆ ಇರುವ ಸ್ವಲ್ಪ ನೀರನ್ನು ಮೈದಾ ಎಳೆದುಕೊಳ್ಳುತ್ತದೆ. ಹಿಟ್ಟು ತಣ್ಣಗಿದ್ದರೆ ಹರಡುವ ಮೊದಲೇ ಅಂಚು ಕಟ್ಟಿಕೊಳ್ಳುತ್ತದೆ.

ಮಗಳು ಬೆರಳು ನೆಕ್ಕಲು ಹೋದಳು, ಬಿಡಲಿಲ್ಲ. ಹಸಿ ಮೊಟ್ಟೆ ಒಂದೇ ಕಾರಣ ಅಲ್ಲ. ಡಬ್ಬಿಯೊಳಗಿನ ಮೈದಾವೂ ಹಸಿಯೇ. 2021ರಲ್ಲಿ ಅಮೆರಿಕದಲ್ಲಿ ಕೇಕ್ ಮಿಕ್ಸ್‌ನ ಹಸಿ ಹಿಟ್ಟಿನಿಂದ ಈ-ಕೋಲೈ ಅನ್ನುವ ಬ್ಯಾಕ್ಟೀರಿಯಾದ ಸೋಂಕು ತಗುಲಿ 16 ಜನ ಕಾಯಿಲೆ ಬಿದ್ದಿದ್ದರು, ಹೆಚ್ಚಿನವರು ಮಕ್ಕಳು. ಮೊಟ್ಟೆ ಇಲ್ಲದ ಹಿಟ್ಟಿಗೂ ಇದೇ ಮಾತು.

18 ಗ್ರಾಮಿನ 17 ಉಂಡೆ ಬಂದವು. ಬೇಕಿಂಗ್ ಪೇಪರ್ ಹಾಸಿ, ಎರಡು ಬೆರಳು ಜಾಗ ಬಿಟ್ಟು ಇಟ್ಟೆ. ಐದನೇ ನಿಮಿಷಕ್ಕೆ ತಿರುಗಿಸಿದೆ. ಹತ್ತನೇ ನಿಮಿಷಕ್ಕೆ ತೆಗೆದಾಗ ನಡು ಇನ್ನೂ ಹಸಿ ಇದ್ದ ಹಾಗೆ ಕಾಣುತ್ತಿತ್ತು. ಇಲ್ಲೇ ಎಲ್ಲರೂ ಎಡವುವುದು ಅಂತ ಕಾಣುತ್ತದೆ. ನಡು ಗಟ್ಟಿಯಾಗುವವರೆಗೆ ಒಳಗೇ ಬಿಟ್ಟರೆ ಹೊರಗೆ ಬಂದ ಮೇಲೆ ಕಲ್ಲು. ಟ್ರೇಯಲ್ಲೇ ಐದು ನಿಮಿಷ ಬಿಟ್ಟೆ. ಉಬ್ಬಿದ್ದು ಮೆಲ್ಲಗೆ ಇಳಿದು, ಮೇಲೆ ಬೇಸಿಗೆಯ ಕೆರೆ ತಳದ ಹಾಗೆ ಸಣ್ಣ ಬಿರುಕು ಬಂತು. ಅಂಚು ಗಟ್ಟಿ, ಒಳಗೆ ಮೆತ್ತಗೆ.

ರಾತ್ರಿಯೊಳಗೆ ಹದಿನೇಳೂ ಖಾಲಿ. ಅತ್ತೆ ಮಾತ್ರ ಸುಮ್ಮನೆ ನೋಡುತ್ತಾ ಕೂತಿದ್ದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ಸಕ್ಕರೆ, ಮೈದಾ, ಸೋಡ ಎಲ್ಲಾನೂ ಡಬ್ಬಿಯಲ್ಲೇ ತುಂಬಿದಾರೆ. ಮೊಟ್ಟೆ ಪುಡೀನೂ ಹಾಕಿ ಮುಗಿಸಬಹುದಿತ್ತಲ್ಲ? ಅದೊಂದು ನಿನ್ನ ಕೈಲಿ ಯಾಕೆ ಹಾಕಿಸ್ತಾರೆ?"

ಒಳ್ಳೇ ಪ್ರಶ್ನೆ. ಹಿಂದೆ ಹಾಕುತ್ತಲೂ ಇದ್ದರು. ಪಿಟ್ಸ್‌ಬರ್ಗ್‌ನ ಡಫ್ ಅನ್ನುವ ಕಂಪನಿ ಕಾಕಂಬಿ ವ್ಯಾಪಾರದ್ದು. ಒಂಥರಾ ನಮ್ಮ ಜೋನಿ ಬೆಲ್ಲದ ಮಂಡಿ ಅನ್ನಿ. ಆ ಕಾಕಂಬಿಯನ್ನು ಹಿಟ್ಟಿನ ಜೊತೆ ಒಣಗಿಸಿ, ನೀರು ಹಾಕಿದರೆ ಸಾಕು ಅನ್ನುವಂಥ ಶುಂಠಿ ಕೇಕಿನ ಮಿಕ್ಸ್ ಮಾಡಿ 1933ರಲ್ಲಿ ಪೇಟೆಂಟ್ ಪಡೆದರು. ಅದರಲ್ಲಿ ಮೊಟ್ಟೆ ಪುಡಿಯೂ ಇತ್ತು. 1935ರ ಇನ್ನೊಂದು ಪೇಟೆಂಟಿನಲ್ಲಿ ಮೊಟ್ಟೆ ಪುಡಿ ತೆಗೆದು, ಹೆಂಗಸರು ತಾಜಾ ಮೊಟ್ಟೆ ತಾವೇ ಹಾಕುವುದನ್ನು ಇಷ್ಟಪಡುತ್ತಾರೆ ಅಂತ ಬರೆದರು. 1950ರ ದಶಕದಲ್ಲಿ ಯಾರೋ ಮನಶ್ಶಾಸ್ತ್ರಜ್ಞರು ಬಂದು, ಗೃಹಿಣಿಯರಿಗೆ ತಪ್ಪಿತಸ್ಥ ಭಾವನೆ ಬಾರದಿರಲಿ ಅಂತ ಮೊಟ್ಟೆ ಹಾಕಿಸಿದರು ಅನ್ನುವ ಕತೆ ಎಲ್ಲ ಕಡೆ ಓಡಾಡುತ್ತದೆ. ಅಷ್ಟು ಹೊತ್ತಿಗೆ ಡಫ್ ಅದನ್ನು ಮಾಡಿ ಹದಿನೈದು ವರ್ಷ ಕಳೆದಿತ್ತು.

ಅತ್ತೆಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು ಅಂದದ್ದು, "ಹಂಗಾದ್ರೆ ಬೇರೆ ಏನಾದ್ರೂ ಹಾಕು ನೋಡಾಣ."

ಮೂರನೇ ಒಬ್ಬೆ, ಮೊಸರಿನದು

ಮೊಟ್ಟೆ ಇಲ್ಲದ ಕೇಕಿಗೆ ಎಲ್ಲರೂ ಹಾಕುವುದು ಮೊಸರು. ಒಂದು ಮೊಟ್ಟೆಗೆ ಕಾಲು ಕಪ್ ಅನ್ನುವುದು ರೂಢಿ. ಉಳಿದ 187 ಗ್ರಾಂ ಹಳದಿ ಹಿಟ್ಟಿಗೆ 40 ಎಣ್ಣೆ, 60 ಗ್ರಾಂ ಮೊಸರು.

ಒಲೆಯಿಂದ ಬಂದದ್ದು ಮಂಗಳೂರು ಬನ್ಸ್‌ನ ತಮ್ಮಂದಿರು. ದುಂಡಗೆ ಉಬ್ಬಿ, ಮೇಲೆ ನುಣ್ಣಗೆ, ಒಳಗೆ ಪೂರ್ತಿ ಕೇಕ್. ಮಾರನೇ ದಿನ ಮುಟ್ಟಿದರೆ ಬೆರಳಿಗೆ ಅಂಟುವಷ್ಟು ಜಿಗುಟು.

ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು. ಮೊಟ್ಟೆಯಲ್ಲಿ ನೀರು ಸುಮಾರು ಮುಕ್ಕಾಲು ಪಾಲು. 36 ಗ್ರಾಂ ಮೊಟ್ಟೆ ಅಂದರೆ 27 ಗ್ರಾಂ ನೀರು. ಮೊಸರಿನಲ್ಲಿ ನೂರಕ್ಕೆ 85ಕ್ಕೂ ಜಾಸ್ತಿ ನೀರೇ. 60 ಗ್ರಾಮಿನಲ್ಲಿ 50ಕ್ಕೂ ಮೇಲೆ. ಮೊಟ್ಟೆಯ ಬದಲಿಗೆ ಅಂತ ಹೇಳಿಕೊಂಡು ಎರಡು ಪಟ್ಟು ನೀರು ಹೊಯ್ದಿದ್ದೆ. ಸಾಲದ್ದಕ್ಕೆ ಮೊಸರಿನ ಹುಳಿ ಸೋಡದ ಜೊತೆ ಸೇರಿ ಇನ್ನಷ್ಟು ಉಬ್ಬಿಸಿತು. ಕೇಕಿಗೆ ಇದು ಸರಿ. ಕುಕೀಸಿಗೆ ಬೇಡ.

ನಾಲ್ಕನೇ ಒಬ್ಬೆ, ಅಗಸೆ ಮತ್ತು ಕರೆಂಟು

ಇವರ ಸ್ನೇಹಿತರೊಬ್ಬರು ಧಾರವಾಡದಿಂದ ಬರುವಾಗೆಲ್ಲ ಅಗಸಿ ಹಿಂಡಿ (ಅಗಸೆ ಚಟ್ನಿಪುಡಿ) ತರುತ್ತಾರೆ. ಆ ರುಚಿ ಹತ್ತಿ ನಾವೂ ಮನೆಯಲ್ಲಿ ಅಗಸೆ ಬೀಜ ಇಟ್ಟುಕೊಂಡಿರುತ್ತೇವೆ. ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಅಗಸೆ ಪುಡಿ, ಮೂರು ಚಮಚ ನೀರು ಅಂತ ಎಲ್ಲ ಕಡೆ ಇರುತ್ತದೆ. ನಾನು ಚಮಚ ಬಿಟ್ಟು ನೀರಿನ ತೂಕ ಹಿಡಿದೆ. ಮೊಟ್ಟೆಯಲ್ಲಿ ಇದ್ದದ್ದು 27 ಗ್ರಾಂ ತಾನೇ? 27 ಗ್ರಾಂ ನೀರು, 5 ಗ್ರಾಂ ಅಗಸೆ ಪುಡಿ. ಬೀಜವನ್ನು ಮಿಕ್ಸಿಯ ಸಣ್ಣ ಜಾರಿಗೆ ಹಾಕಿ ನುಣ್ಣಗೆ ಪುಡಿ ಮಾಡಿದೆ. ಇಡೀ ಬೀಜ ಹಾಕಿದರೆ ಲೋಳೆ ಸರಿಯಾಗಿ ಬಿಡುವುದಿಲ್ಲ.

ಹದಿನೈದು ನಿಮಿಷಕ್ಕೆ ಬಟ್ಟಲಲ್ಲಿ ಬೆಂಡೆಕಾಯಿ ಲೋಳೆಯ ಹಾಗೆ ಎಳೆ ಎಳೆ. ಚಮಚ ಎತ್ತಿದರೆ ದಾರ ಬರುತ್ತದೆ. ಈ ಸಲ ಚಾಕೊಲೇಟ್ ಡಬ್ಬಿಯ ಅರ್ಧ ತೆಗೆದುಕೊಂಡೆ, ಅಗಸೆಯ ಕಂದು ಚುಕ್ಕೆ ಅದರಲ್ಲಿ ಕಾಣುವುದಿಲ್ಲ ಅಂತ. ಎಣ್ಣೆ 40, ಗೋಡಂಬಿ ಚೂರು 40, ಇನ್‌ಸ್ಟಂಟ್ ಕಾಫಿ ಪುಡಿ ಅರ್ಧ ಚಮಚ. ಕಾಫಿ ಪುಡಿ ಹಾಕಿದರೆ ಚಾಕೊಲೇಟ್ ಇನ್ನೂ ಕಡಕ್ ಅನ್ನಿಸುತ್ತದೆ. 16 ಉಂಡೆ ಆಯಿತು.

ಆರನೇ ನಿಮಿಷಕ್ಕೆ ಕರೆಂಟ್ ಹೋಯಿತು.

ಮಳೆಗಾಲದಲ್ಲಿ ಕರೆಂಟನ್ನು ನಂಬಿ ಒಲೆ ಹಚ್ಚಿದ್ದೇ ನನ್ನ ತಪ್ಪು. ಬಾಗಿಲು ತೆಗೆದು ನೋಡಲು ಕೈ ಚಾಚಿದೆ, ಇವರು ತಡೆದರು. "ಬಿಸಿ ಒಳಗೇ ಇದೆಯಲ್ಲ, ಮುಚ್ಚಿರಲಿ ಬಿಡು." ಹಾಗೇ ಬಿಟ್ಟೆವು. ಮೇಣದ ಬತ್ತಿ ಹುಡುಕಿ, ಇನ್ವರ್ಟರ್ ಸ್ವಿಚ್ ನೋಡಿ, ಅತ್ತೆಗೆ ಕಷಾಯ ಕಾಯಿಸಿ ಕೊಟ್ಟು ಬರುವಷ್ಟರಲ್ಲಿ ಇಪ್ಪತ್ತು ನಿಮಿಷ. ಕರೆಂಟ್ ಬಂದಿರಲಿಲ್ಲ. ಟಾರ್ಚ್ ಹಿಡಿದು ಬಾಗಿಲು ತೆಗೆದೆ.

ಹದಿನಾರೂ ಬೆಂದಿದ್ದವು. ಬರೀ ಬೆಂದದ್ದಲ್ಲ, ಮುರಿದರೆ ಟಕ್ ಅಂತ ಸದ್ದು. ಮೊಟ್ಟೆಯ ಒಬ್ಬೆಯಂತೆ ಮೆತ್ತಗಲ್ಲ, ಗರಿಗರಿ. ಮಾರನೇ ಸಂಜೆಯೂ ಹಾಗೇ ಇದ್ದವು. ಇದು ನನಗೆ ಆಶ್ಚರ್ಯ. ಈ ಹವೆಯಲ್ಲಿ ಹಪ್ಪಳದ ಡಬ್ಬಿ ಮುಚ್ಚಳ ಸರಿ ಹಾಕದಿದ್ದರೆ ರಾತ್ರಿಯೊಳಗೆ ಮೆತ್ತಗಾಗುತ್ತದೆ. ಕುಕೀಸಿನಲ್ಲಂತೂ ಸಕ್ಕರೆ ಜಾಸ್ತಿ, ಗಾಳಿಯ ತೇವ ಎಳೆದುಕೊಳ್ಳುವುದೇ ಅದರ ಕೆಲಸ. ಆರುತ್ತಿರುವ ಒಲೆಯಲ್ಲಿ ಇಪ್ಪತ್ತು ನಿಮಿಷ ಕೂತು ಒಳಗಿನ ನೀರೆಲ್ಲ ಮೆಲ್ಲಗೆ ಹೋಗಿತ್ತು. ಸೀಯಲು ಬೇಕಾದ ಶಾಖ ಇರಲಿಲ್ಲ, ಒಣಗಲು ಸಾಕಾಗುವಷ್ಟು ಇತ್ತು. ಅಜ್ಜಿ ಕಾಲದಲ್ಲಿ ಒಲೆಯ ಕೆಂಡ ಆರುವಾಗ ಅದರ ಮೇಲೆ ಸಂಡಿಗೆ ತಟ್ಟೆ ಇಡುತ್ತಿದ್ದರಲ್ಲ, ಅದೇ.

ತಟ್ಟೆಯಲ್ಲಿ ನಾಲ್ಕು ಜೋಡಿಸಿ ಜಂಬದಲ್ಲಿ ಅತ್ತೆಯ ಮುಂದೆ ಇಟ್ಟೆ. "ಮೊಟ್ಟೆ ಇಲ್ಲ, ಅಗಸೆ ಹಾಕಿದ್ದು."

ಅವರು ಕನ್ನಡಕ ಹಾಕಿಕೊಂಡು ಮೊದಲು ಡಬ್ಬಿ ಕೇಳಿದರು. ನಾಲ್ಕೂ ಬದಿ ತಿರುಗಿಸಿದರು. "ಹಸಿರು ಚುಕ್ಕೆ ಎಲ್ಲಿದ್ಯೇ?"

ಇರಲಿಲ್ಲ. ಅಮೆರಿಕದ ಡಬ್ಬಿಗೆ ಹಸಿರು ಚುಕ್ಕೆ ಹಾಕುವ ಕಟ್ಟಳೆ ಇಲ್ಲ. ಪಟ್ಟಿ ಓದಿದೆ. ಮೊಟ್ಟೆ ಹಾಕಿದ್ದಾರೆ ಅಂತ ಇರಲಿಲ್ಲ, ಇರಬಹುದು ಅನ್ನುವ ಎಚ್ಚರಿಕೆ ಇತ್ತು. ಆಮೇಲೆ ಮೋನೋ ಮತ್ತು ಡೈಗ್ಲಿಸರೈಡ್ ಅಂತ ಒಂದು. ಎಣ್ಣೆ ಮತ್ತು ನೀರನ್ನು ಕೂಡಿಸುವ ಪದಾರ್ಥ ಅದು. ಗಿಡದ ಎಣ್ಣೆಯಿಂದಲೂ ಮಾಡುತ್ತಾರೆ, ಪ್ರಾಣಿಯ ಕೊಬ್ಬಿನಿಂದಲೂ ಮಾಡುತ್ತಾರೆ. ಯಾವುದರಿಂದ ಅಂತ ಡಬ್ಬಿ ಹೇಳುತ್ತಿರಲಿಲ್ಲ. ಅತ್ತೆ ತಟ್ಟೆಯನ್ನು ಮೊಮ್ಮಗಳ ಕಡೆ ಸರಿಸಿದರು. ಬೈಯಲಿಲ್ಲ. ಅದೇ ಜಾಸ್ತಿ ಬೇಜಾರಾಯಿತು.

ಐದನೇ ಒಬ್ಬೆ

ಮರುದಿನ ಅಂಗಡಿಯಿಂದ ಮೊಟ್ಟೆ ಇಲ್ಲದ ಮಿಕ್ಸ್ ತಂದೆ. ಇಲ್ಲೇ ತಯಾರಾದದ್ದು, ವೆನಿಲ್ಲಾ, 250 ಗ್ರಾಂ, ಮೂಲೆಯಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಹಸಿರು ಚುಕ್ಕೆ. ತಂದ ಕೂಡಲೇ ಅತ್ತೆಗೆ ತೋರಿಸಿದೆ. "ಎಣ್ಣೆ ಯಾಕೆ, ತುಪ್ಪ ಹಾಕು. ಸ್ವಲ್ಪ ಚಿರೋಟಿ ರವೆ ಸೇರಿಸು, ಹರಡಲ್ಲ" ಅಂದರು. ನಾನಖಟಾಯಿ ಮಾಡಿ ಗೊತ್ತಿರುವ ಕೈ ಅದು.

ತುಪ್ಪ ನನ್ನ ಲೆಕ್ಕಕ್ಕೂ ಸರಿಹೋಯಿತು. ಬೆಣ್ಣೆಯಲ್ಲಿ ನೂರಕ್ಕೆ ಹದಿನೈದಿಪ್ಪತ್ತು ಪಾಲು ನೀರು ಇರುತ್ತದೆ, ಮನೆಯಲ್ಲಿ ಕಡೆದದ್ದರಲ್ಲಿ ಇನ್ನೂ ಜಾಸ್ತಿ. ತುಪ್ಪದಲ್ಲಿ ನೀರೇ ಇಲ್ಲ ಅನ್ನಬಹುದು, ಕಾಯಿಸುವಾಗ ಚಟಪಟ ಸದ್ದು ನಿಂತಿತು ಅಂದರೆ ಅದು ಹೋಯಿತು ಅಂತಲೇ. ಮಳೆಗಾಲದ ಚಳಿಗೆ ಮರಳು ಮರಳಾಗಿ ಹೆಪ್ಪುಗಟ್ಟಿದ್ದ ತುಪ್ಪ 53 ಗ್ರಾಂ. ಕರಗಿಸಲಿಲ್ಲ, ಅಂಗೈಯಲ್ಲಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದೆ. ಮೊದಲಿನ ಲೆಕ್ಕದಲ್ಲಿ 250 ಗ್ರಾಂ ಹಿಟ್ಟಿಗೆ 36 ಗ್ರಾಂ ನೀರು ಬೇಕು, ಅಂದರೆ ಹಾಲು 41 ಗ್ರಾಂ. ಚಮಚ ಚಮಚವಾಗಿ ಹಾಕುತ್ತಾ ಹೋದೆ. 30ಕ್ಕೇ ಹಿಟ್ಟು ಕೂಡಿಬಂತು. ಅಲ್ಲಿಗೇ ನಿಲ್ಲಿಸಿದೆ. ಚಿರೋಟಿ ರವೆ 30, ಏಲಕ್ಕಿ ನಾಲ್ಕು, ಉಪ್ಪು ಚಿಟಿಕೆ. ಫ್ರಿಜ್ ಬೇಕಾಗಲಿಲ್ಲ, ಅಡುಗೆಮನೆಯೇ ಫ್ರಿಜ್ ಆಗಿತ್ತು.

16 ಗ್ರಾಮಿನ 22 ಉಂಡೆ. ಎರಡು ಸಲಕ್ಕೆ ಬೇಯಿಸಿದೆ. ಮೇಲೆ ಬೆರಳಲ್ಲಿ ಸ್ವಲ್ಪ ಒತ್ತಿದೆ. ಗುಂಡಿ 170, ಹನ್ನೊಂದು ನಿಮಿಷ, ನಡುವೆ ಒಂದು ಸಲ ತಿರುಗಿಸುವುದು. ಆಮೇಲೆ ನಾನೇ ಸ್ವಿಚ್ ಆಫ್ ಮಾಡಿ, ಬಾಗಿಲು ಮುಚ್ಚಿಟ್ಟು ಹದಿನೈದು ನಿಮಿಷ. ಕರೆಂಟ್ ಹೋದ ಹಾಗೆ ನಟಿಸಿದೆ ಅನ್ನಿ. ತಣ್ಣಗಾದ ಮೇಲೆ ಸ್ಟೀಲ್ ಡಬ್ಬಿಗೆ. ತಳದಲ್ಲಿ ತೆಳು ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಹುರಿದ ಅಕ್ಕಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಹನಿ ಕಟ್ಟಿ ಇಷ್ಟು ಹೊತ್ತು ಕದ್ದ ನೀರೆಲ್ಲ ವಾಪಸ್ ಬರುತ್ತದೆ, ನೆನಪಿರಲಿ.

ಸಂಜೆ ಅತ್ತೆ ಕಾಫಿ ಜೊತೆ ಒಂದು ತಗೊಂಡರು. ಅದ್ದಿದರು. ಕಾಫಿಯಲ್ಲಿ ಮುರಿದು ಬೀಳಲಿಲ್ಲ. ಏನೂ ಹೇಳದೆ ತಿಂದು, ಇನ್ನೊಂದು ತಗೊಂಡರು. ಆಮೇಲೆ, "ಸಿಹಿ ಒಂಚೂರು ಜಾಸ್ತಿ. ಮುಂದಿನ ಸಲ ರವೆ ಇನ್ನೊಂದು ಚಮಚ ಹಾಕು" ಅಂದರು.

ಮುಂದಿನ ಸಲ ಅಂದರು, ಅಲ್ವಾ? ನಾನು ಅದನ್ನೇ ಹಿಡಿದುಕೊಂಡೆ.

ಚಾಕೊಲೇಟ್ ಮಿಕ್ಸ್ ಅರ್ಧ ಉಳಿದಿದೆ. ಜಿಪ್ ಚೀಲದಲ್ಲಿ ಹಾಕಿ, ಮೇಲೆ 188 ಗ್ರಾಂ ಅಂತ ಬರೆದು ಫ್ರಿಜ್‌ನಲ್ಲಿಟ್ಟಿದ್ದೇನೆ. ನಾದಿನಿಯ ಚೀಟಿ ಓಟಿಜಿಯ ಪಕ್ಕದ ಗೋಡೆಗೆ ಬಂದಿದೆ. "ಒಂದು ಡಬ್ಬಿ" ಅನ್ನುವುದನ್ನು ಮಗಳು ಹೊಡೆದುಹಾಕಿ ಪಕ್ಕದಲ್ಲಿ ತೂಕ ಬರೆದಿದ್ದಾಳೆ. 350ರ ಮೇಲೆ ಅಡ್ಡ ಗೆರೆ ಎಳೆದು 170 ಅಂತ ಮಾಡಿದ್ದಾಳೆ, ಕೆಳಗೆ ಎಡಮೂಲೆಗೆ ಒಂದು ಬಾಣದ ಗುರುತು, ಜೊತೆಗೆ "ಇಲ್ಲಿ ಸೀಯುತ್ತೆ".